ಅವ್ವ ಕೇಳುವ ‘ಮನಿ’ ಯಾವುದು?

ಅಥಣಿ ತಾಲ್ಲೂಕಿನ ತೆಲಸಂಗದಂಥ ಊರು ಬಿಟ್ಟು ಪುಣೆ, ಬೆಂಗಳೂರಿನಲ್ಲಿ ನೌಕರಿಗಿರುವ ಕೆಲವರಿಗೆ ಈ ಮಾತು ಹೊಸದಲ್ಲ: “ತಮ್ಮಾ, ಕತ್ತಲಾತು, ಮನಿಗಿ ಹೋಗೂಣು ನಡಿ.” ಹೇಳುವಾಕಿ ಅವ್ವ. ಕೂತಿರೋದು ಮಗನ ಫ್ಲ್ಯಾಟಿನಲ್ಲೇ. “ಇದ ನಿನ್ನ ಮನಿ ಅಲ್ಲೇನಬೇ?” ಅಂದರೆ ಸಿಟ್ಟಾಗುತ್ತಾಳೆ, ಇಲ್ಲವೇ ಅಳುತ್ತಾಳೆ.

2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾದಲ್ಲಿ ಅನಂತ್ ನಾಗ್ ಮಾಡಿದ ವೆಂಕೋಬ ರಾವ್ ಊರಲ್ಲಿ ಕಳೆದುಹೋಗುತ್ತಾರೆ. ಆದರೆ ಮರೆವಿನ ಕಾಯಿಲೆ ಇರುವವರು ಮನೆಯೊಳಗೇ ಕೂತು ಕಳೆದುಹೋಗುವುದೂ ಉಂಟು.

ಅಲ್ಝೈಮರ್ ಸಾಮಾನ್ಯವಾಗಿ ಮೊದಲು ಕೈ ಹಾಕುವ ಜಾಗಗಳಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಒಂದು. ಹೊಸ ನೆನಪು ಕೂಡಿಡುವುದು, ದಾರಿ ಗುರುತಿಡುವುದು ಎರಡೂ ಅದರ ಕೆಲಸ. ಹಾಗಾಗಿ ಐದು ವರ್ಷದ ಫ್ಲ್ಯಾಟು ಮೊದಲು ಅಳಿಸುತ್ತದೆ. ಐವತ್ತು ವರ್ಷದ ಹಿಂದಿನ ಪಡಸಾಲೆ, ಒಲೆ, ದನದ ಗ್ವಾದಲಿ ಉಳಿಯುತ್ತವೆ.

ಹಾಗಾದರೆ ಊರಿಗೇ ಕರಕೊಂಡು ಹೋದರಾಯ್ತಲ್ಲ? ಕೆಲವರಿಗೆ ಹಿತವೆನಿಸಬಹುದು. ಆದರೆ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದ್ದರೆ ಅಲ್ಲಿಯೂ ಆಕೆ “ಮನಿಗಿ ಹೋಗೂಣು” ಅನ್ನಬಹುದು. ಕೇಳುತ್ತಿರುವುದು ತವರು ಮನೆಯೂ ಇರಬಹುದು. ಎಷ್ಟೋ ಸಲ ಆ ಮಾತಿಗೆ ‘ನನಗೆ ಹೆದರಿಕೆ ಆಗ್ತಿದೆ’ ಅಂತಷ್ಟೇ ಅರ್ಥ.

ಅದಕ್ಕೇ ವಾದ ಬೇಡ. “ಮನ್ಯಾಗ ಯಾರ್ಯಾರು ಅದಾರ? ಏನ್ ಅಡಗಿ ಮಾಡ್ತಿದ್ದಿ?” ಅಂತ ಕೇಳಿ. ಹೇಳುತ್ತ ಹೇಳುತ್ತ ಚಡಪಡಿಕೆ ಇಳಿಯಬಹುದು. ಸಂಜೆ ಹೊತ್ತಿಗೆ ಇದು ಹೆಚ್ಚು, ಕತ್ತಲಾಗುವ ಮೊದಲೇ ದೀಪ ಹಾಕಿ. ಹೊಸ ಬ್ಲ್ಯಾಂಕೆಟ್ ಒಳಗಿಡಿ, ಆಕೆಯ ಹಳೇ ಕೌದಿಯೇ ಇರಲಿ. ಮೆಂತ್ಯೆ ಸೋಸಲು ಕೊಡಿ. ಅರ್ಧ ಸೊಪ್ಪು ಕಸಕ್ಕೆ ಹೋದರೂ ಹೋಗಲಿ. ಹೆಸರು, ನಿಮ್ಮ ಫೋನ್ ನಂಬರ್ ಬರೆದ ಚೀಟಿ ಸದಾ ಮೈಮೇಲಿರಲಿ.

ಇನ್ನೊಂದು, ಸ್ವಲ್ಪ ಖಾರದ ಮಾತು. ಎರಡು ತಿಂಗಳು ಹಿರಿಮಗನ ಮನೆ, ಎರಡು ತಿಂಗಳು ಕಿರಿಮಗನ ಮನೆ ಅನ್ನುವ ಪಾಳಿ ಅಣ್ತಮ್ಮಂದಿರಿಗೆ ನ್ಯಾಯವೇ ಇರಬಹುದು. ಆಕೆಗೆ ಮಾತ್ರ ಪ್ರತಿ ಸಲ ಬಚ್ಚಲು ಎಲ್ಲಿದೆ ಅಂತ ಮೊದಲಿನಿಂದ ಹುಡುಕುವ ಪಾಡು. ಪಾಳಿ ಬೇಕೇ ಬೇಕೆಂದರೆ ಮಕ್ಕಳು ತಿರುಗಲಿ, ಅವ್ವ ಒಂದೇ ಕಡೆ ಇರಲಿ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ದೇಶದ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. “ವಯಸ್ಸಾತು, ಅರಳು ಮರಳು” ಅಂತ ಬಿಟ್ಟುಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಔಷಧವಿದೆ. ಡಾಕ್ಟರಿಗೆ ತೋರಿಸಿ. ಹಿರಿಯರ ಸಹಾಯವಾಣಿ 14567.