ಫ್ಲೋರೈಡನ್ನು ಹಿಡಿಯುವ ರಂಧ್ರಮಯ ವಸ್ತುಗಳು

ಗಬ್ಬೂರನ್ನೊಳಗೊಂಡ ರಾಯಚೂರು ಜಿಲ್ಲೆಯ ಹಲವೆಡೆ ಪ್ರಾಚೀನ ಶಿಲೆಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಇಳಿದಿರುವುದು ವಿದಿತವೇ ಆಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಿಂದ ಕುಡಿದವರ ಹಲ್ಲು ಕಲೆಗಟ್ಟಬಹುದು. ಪ್ರಮಾಣವು ಇನ್ನೂ ಹೆಚ್ಚಿದರೆ ಎಲುಬೂ ಕೆಡುವುದು. ಕುದಿಸಿ ಫಲವಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುವುದು.

ಇದರ ನಿವಾರಣೆಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಸಕ್ರಿಯ ಅಲ್ಯೂಮಿನ. ಅದರ ಒಂದು ಗ್ರಾಮಿನ ಒಳಮೈ 200 ಚದರ ಮೀಟರಿಗೂ ಮಿಗಿಲಾಗಿರಬಲ್ಲದು. ಅಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳನ್ನು ತಳ್ಳಿ ಫ್ಲೋರೈಡ್ ಅಯಾನುಗಳು ನೆಲೆಗೊಳ್ಳುತ್ತವೆ. ಆದರೆ ಈ ವಿನಿಮಯವು ಚೆನ್ನಾಗಿ ನಡೆಯುವುದು ತುಸು ಆಮ್ಲೀಯವಾದ ನೀರಿನಲ್ಲಿ. ಫ್ಲೋರೈಡ್ ಹೆಚ್ಚಿರುವ ಬಾವಿಯ ನೀರಾದರೋ ಸಾಮಾನ್ಯವಾಗಿ ಕ್ಷಾರೀಯ. ಅದರಲ್ಲಿನ ಬೈಕಾರ್ಬೊನೇಟೂ ಅದೇ ಸ್ಥಾನಗಳಿಗಾಗಿ ಸ್ಪರ್ಧಿಸುತ್ತದೆ.

ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದ ಚೌಕಟ್ಟುಗಳು ಈಚಿನವು. ಇವುಗಳಿಗಾಗಿ ಕಿಟಗಾವ, ರಾಬ್ಸನ್, ಯಾಘಿ ಅವರು 2025ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಕೆಲವುಗಳ ಒಳಮೈ ಗ್ರಾಮಿಗೆ ಸಾವಿರಾರು ಚದರ ಮೀಟರು! ಜಿರ್ಕೋನಿಯಂ ಉಳ್ಳವು ಫ್ಲೋರೈಡನ್ನು ಬಿಗಿಯಾಗಿ ಹಿಡಿಯುತ್ತವೆ. ಆದರೂ ಭಟ್ಟಿಯಿಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಪಡೆದ ಅಂಕಿಗಳನ್ನು ನಾವು ಹೆಚ್ಚಾಗಿ ನಚ್ಚೆವು. ಬಾವಿಯ ನೀರಿನಲ್ಲಿಯೇ, ವಸ್ತುವನ್ನು ಹತ್ತಾರು ಬಾರಿ ತೊಳೆದು ಮತ್ತೆ ಬಳಸಿ ಅಳೆಯಬೇಕು. ತೊಳೆದ ದ್ರಾವಣವನ್ನು ಎಲ್ಲಿ ಚೆಲ್ಲುವುದೆಂಬುದೂ ಸಂಶೋಧನೆಯ ಭಾಗವೇ. ಹೊಲದಂಚಿಗೆ ಸುರಿದರೆ ಆ ಫ್ಲೋರೈಡ್ ಅದೇ ಬಾವಿಗೆ ಮರಳಬಹುದು.