ಕ್ರೆಡಿಟ್ ಕಾರ್ಡ್ ಕಾಯ್ದೆಯ ಬೆನ್ನೇರಿ ಕಾಡಿಗೆ ಬಂದ ಬಂದೂಕು

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಕಾಡುದಾರಿಯಲ್ಲಿ ಪ್ರವಾಸಿಗರು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ನಡೆಯಬಹುದು. ಆದರೆ ಅಲ್ಲಿನ ಮಾಹಿತಿ ಕೇಂದ್ರದ ಬಾಗಿಲಲ್ಲಿ ಬಂದೂಕು ನಿಷೇಧದ ಫಲಕ ಅವರನ್ನು ತಡೆಯುತ್ತದೆ. ಕಾಡೂ ಸರ್ಕಾರದ್ದೇ, ಕಟ್ಟಡವೂ ಸರ್ಕಾರದ್ದೇ. ಕಾನೂನು ಮಾತ್ರ ಬೇರೆ ಬೇರೆ.

1872ರಲ್ಲಿ ಹುಟ್ಟಿದ ಈ ಉದ್ಯಾನಕ್ಕೆ ಮೊದಲ ಪೀಡೆ ಕಳ್ಳಬೇಟೆ. 1886ರಲ್ಲಿ ಕಾವಲಿಗೆ ಸೈನ್ಯವೇ ಬಂತು. ಪ್ರವಾಸಿಗರ ಬಂದೂಕುಗಳಿಗೆ ಸೈನಿಕರು ಮೊಹರು ಹಾಕುತ್ತಿದ್ದರು. ಉದ್ಯಾನದೊಳಗೆ ಅದನ್ನು ಒಡೆಯುವಂತಿರಲಿಲ್ಲ. 1936ರಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲಿ ಬಂದೂಕಿಗೆ ಕಟ್ಟುನಿಟ್ಟಿನ ನಿರ್ಬಂಧ ಬಂತು. 1983ರ ಹೊತ್ತಿಗೆ ಅದು ತುಸು ಸಡಿಲವಾಯಿತು: ಗುಂಡು ತೆಗೆದು, ಕೈಗೆ ಸುಲಭವಾಗಿ ಸಿಗದಂತೆ ವಾಹನದಲ್ಲಿಟ್ಟು ಒಯ್ಯಬಹುದಿತ್ತು.

2008ರ ಡಿಸೆಂಬರ್‌ನಲ್ಲಿ, ಅಧಿಕಾರದ ಕೊನೆಯ ದಿನಗಳಲ್ಲಿದ್ದ ಬುಷ್ ಸರ್ಕಾರ, ಪರವಾನಗಿ ಇದ್ದವರು ಗುಂಡು ತುಂಬಿದ ಪಿಸ್ತೂಲನ್ನು ಮರೆಯಾಗಿ ಇಟ್ಟುಕೊಳ್ಳಬಹುದೆಂದಿತು. ಪರಿಸರದ ಮೇಲಿನ ಪರಿಣಾಮವನ್ನು ಪರಿಶೀಲಿಸಿಲ್ಲವೆಂದು 2009ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಆಗ ಸೆನೆಟ್ ಮುಂದೆ ಕ್ರೆಡಿಟ್ ಕಾರ್ಡ್ ಗ್ರಾಹಕರ ರಕ್ಷಣೆಯ ಮಸೂದೆ ಇತ್ತು. ಒಕ್ಲಹೋಮದ ಸೆನೆಟರ್ ಟಾಮ್ ಕೊಬರ್ನ್ ಅದಕ್ಕೇ ಉದ್ಯಾನಗಳ ಬಂದೂಕಿನ ತಿದ್ದುಪಡಿ ಜೋಡಿಸಿದರು. 67–29 ಮತಗಳಿಂದ ಅದು ಗೆದ್ದಿತು. ಒಪ್ಪಿದರೆ ಇಡೀ ಮಸೂದೆ, ಬಿಟ್ಟರೆ ಇಡೀ ಮಸೂದೆ: ಅಧ್ಯಕ್ಷ ಒಬಾಮ ಮೇ 22ರಂದು ಸಹಿ ಹಾಕಿದರು. 2010ರ ಫೆಬ್ರುವರಿ 22ರಿಂದ ಅದು ಜಾರಿಗೆ ಬಂತು.

ಅಂದಿನಿಂದ ಉದ್ಯಾನ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಬಂದೂಕು ಕಾನೂನೇ ಅಲ್ಲಿಗೆ ಅನ್ವಯ. ವಯೋಮಿಂಗ್, ಮೊಂಟಾನಾ, ಐಡಹೊಗಳಿಗೆ ಹರಡಿರುವ ಯೆಲ್ಲೊಸ್ಟೋನ್‌ನಲ್ಲಿ ನಡೆಯುತ್ತ ನಡೆಯುತ್ತಲೇ ಕಾನೂನು ಬದಲಾಗುತ್ತದೆ. ಆದರೆ ಸಿಬ್ಬಂದಿ ಕೆಲಸ ಮಾಡುವ ಸರ್ಕಾರಿ ಕಟ್ಟಡಗಳಿಗೆ ಕೇಂದ್ರದ ಹಳೆಯ ನಿಷೇಧವೇ ಉಳಿದಿದೆ. ಮೀರಿದರೆ ಒಂದು ವರ್ಷದವರೆಗೆ ಜೈಲು. ಬಾಗಿಲ ಫಲಕಕ್ಕೂ ಕಾನೂನಿನ ಬಲವಿದೆ. ಫಲಕವಿಲ್ಲದಿದ್ದರೆ, ನಿಷೇಧ ಬಂದವರಿಗೆ ತಿಳಿದೂ ಇರದಿದ್ದರೆ, ಶಿಕ್ಷೆ ವಿಧಿಸಲಾಗದು.

ಉದ್ಯಾನದ ಗಡಿ ದಾಟಿದ ಮಾತ್ರಕ್ಕೆ ಕಾನೂನು ಪಾಲಿಸುವವರು ಅಪರಾಧಿಗಳಾಗಬಾರದೆಂಬ ಬೆಂಬಲಿಗರ ವಾದದಲ್ಲಿ ಹುರುಳಿದೆ. ಅದಕ್ಕೇ ಆ ವಾದಕ್ಕೆ ತನ್ನದೇ ಮಸೂದೆ, ತನ್ನದೇ ಚರ್ಚೆ ಸಿಗಬೇಕಿತ್ತು. ಜನರ ಜೀವಕ್ಕೂ ಕಾಡಿನ ಮೌನಕ್ಕೂ ಸಂಬಂಧಿಸಿದ ತೀರ್ಮಾನವನ್ನು ಸಾಲದ ಬಡ್ಡಿಯ ಲೆಕ್ಕದೊಳಗೆ ಸೇರಿಸಿದ್ದು ತಪ್ಪು. ಯಾವ ದೇಶದ್ದೇ ಆಗಲಿ, ಮಸೂದೆಯ ಹೆಸರು ನೋಡಿ ಸುಮ್ಮನಾಗಬೇಡಿ. ಕೊನೆಯ ಕಲಮಿನವರೆಗೂ ಓದಿ.