ಹಳೇ ಬಿಲ್ಡಿಂಗಿಗೆ ದುಡ್ಡು ಹಾಕೋ ಮುಂಚೆ

ಯೂನಿಯನ್ ಸಿಟಿಯ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರು ಬಾಡಿಗೆಗಿದ್ದೇವೆ. ಕೆಳಗೆ ಕಾರು, ಮೇಲೆ ಮನೆಗಳು; ಒಂಥರಾ ನಮ್ಮೂರಿನ ವಠಾರವೇ ಅನ್ನಿ. ಈಚೆಗೆ ನಮ್ಮಲ್ಲೊಬ್ಬರ ತಂದೆ ಮೈಸೂರಿನಿಂದ ಫೋನ್ ಮಾಡಿ, "ಪರಿಚಯದವ್ರು ಅಲ್ಲಿ ನಾಲ್ಕೈದು ಹಳೇ ಬಿಲ್ಡಿಂಗ್ ಒಟ್ಟಿಗೆ ಕೊಳ್ತಾರಂತೆ. ಸೈಟ್ ಮಾರಿ ನಾವೂ ದುಡ್ಡು ಹಾಕೋಣ್ವಾ?" ಅಂತ ಕೇಳಿದ್ರು. ಆ ರಾತ್ರಿ ಕೂತು ಲೆಕ್ಕ ಹಾಕಿದ್ವಿ.

ಒಂದು ಉದಾಹರಣೆ ತಗೊಳ್ಳಿ. ಹತ್ತು ಮನೆ, ತಲಾ 2,000 ಡಾಲರ್ ಬಾಡಿಗೆ: ವರ್ಷಕ್ಕೆ 2,40,000. ಖಾಲಿ ಬೀಳೋ ದಿನಗಳಿಗೆ 12,000, ತೆರಿಗೆ, ವಿಮೆ, ನೀರು, ರಿಪೇರಿ, ಮ್ಯಾನೇಜರ್ ಎಲ್ಲ ಸೇರಿ 98,000 ಕಳೆದರೆ ಉಳಿಯೋದು 1,30,000. ಬಿಲ್ಡಿಂಗಿನ ಬೆಲೆ 26 ಲಕ್ಷ ಡಾಲರ್ ಆದರೆ ಇದು ಶೇ. 5. ಇದನ್ನೇ 'ಕ್ಯಾಪ್ ರೇಟ್' ಅನ್ನೋದು. ಬೆಲೆಯ ಶೇ. 60ರಷ್ಟನ್ನು ಶೇ. 6ರ ಬಡ್ಡಿಗೆ ಸಾಲ ತಂದರೆ ಬಡ್ಡಿಯೇ 93,600. ಕೈಯಿಂದ ಹಾಕಿದ 10,40,000ಕ್ಕೆ ಸಿಗೋದು 36,400, ಅಂದರೆ ಶೇ. 3.5. ಸಾಲದ ಬಡ್ಡಿ ಕ್ಯಾಪ್ ರೇಟಿಗಿಂತ ಹೆಚ್ಚಿದ್ದರೆ ಸಾಲ ಲಾಭವನ್ನು ತಿನ್ನುತ್ತದೆ.

ತೆರಿಗೆಯಲ್ಲೂ ಒಂದು ಮೋಸ ಹೋಗುವ ಜಾಗ ಇದೆ. 1978ರ ಪ್ರೊಪೊಸಿಷನ್ 13ರ ಪ್ರಕಾರ ಹಳೇ ಮಾಲೀಕರ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಲ್ಲ. ಮಾರಾಟವಾದ ಕೂಡಲೇ ಹೊಸ ಬೆಲೆಗೆ ತಕ್ಕಂತೆ ಮೌಲ್ಯ ಕಟ್ಟುತ್ತಾರೆ. ಮಾರುವವರು ತೋರಿಸೋ ಹಳೇ ತೆರಿಗೆ ರಸೀತಿ ನಂಬಬೇಡಿ.

ಹಳೇ ಕಟ್ಟಡಕ್ಕೆ ಹಳೇ ಕಾಯಿಲೆಗಳೂ ಇರುತ್ತವೆ. 2015ರಲ್ಲಿ ಬರ್ಕ್ಲಿಯಲ್ಲಿ ಬಾಲ್ಕನಿ ಕುಸಿದು ಆರು ಜನ ಯುವಕ-ಯುವತಿಯರು ಸತ್ತರು. ಆಮೇಲೆ ಬಂದ ಕಾನೂನಿನಂತೆ, ಮೂರು ಅಥವಾ ಹೆಚ್ಚು ಮನೆಗಳಿರೋ ಬಾಡಿಗೆ ಕಟ್ಟಡಗಳಲ್ಲಿ ಮರದ ಆಧಾರದ ಎತ್ತರದ ಬಾಲ್ಕನಿಗಳನ್ನು ಆರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕು. ರಿಪೇರಿಗೆ 40,000 ಬಂತು ಅಂದ್ರೆ ಮೇಲಿನ ಒಂದು ವರ್ಷದ ಲಾಭ ಪೂರ್ತಿ ಹೋಯ್ತು. ಇನ್ನು ಹೇವರ್ಡ್ ಭೂಕಂಪ ಬಿರುಕು ಈ ಊರಿನೊಳಗೇ ಹಾದುಹೋಗುತ್ತೆ. ಮಾಮೂಲಿ ವಿಮೆಯಲ್ಲಿ ಭೂಕಂಪ ಸೇರಿರಲ್ಲ. ಐದು ಬಿಲ್ಡಿಂಗ್ ಕೊಂಡರೂ ಐದೂ ಅದೇ ಬಿರುಕಿನ ಪಕ್ಕ ಇದ್ದರೆ ಅಪಾಯ ಹಂಚಿಹೋದಂತಲ್ಲ.

ಕೊನೆಗೆ ಬಾಡಿಗೆ. 2020ರಿಂದ ಜಾರಿಯಲ್ಲಿರೋ ರಾಜ್ಯದ ಎಬಿ 1482 ಪ್ರಕಾರ, 15 ವರ್ಷ ದಾಟಿದ ಇಂಥ ಕಟ್ಟಡಗಳಲ್ಲಿ ವರ್ಷಕ್ಕೆ ಶೇ. 5ರ ಜೊತೆ ಹಣದುಬ್ಬರ, ಒಟ್ಟು ಶೇ. 10 ಮೀರದಂತೆ ಮಾತ್ರ ಏರಿಸಬಹುದು. ಒಂದು ವರ್ಷ ಇದ್ದವರನ್ನು ಕಾರಣವಿಲ್ಲದೆ ಬಿಡಿಸುವಂತಿಲ್ಲ. ಆದರೆ ಅವರೇ ಖಾಲಿ ಮಾಡಿದರೆ ಹೊಸಬರಿಗೆ ಮಾರುಕಟ್ಟೆ ಬಾಡಿಗೆ ಹಾಕಬಹುದು. ಹಾಗಾಗಿ ಯೋಜನೆಯ ಹಾಳೆಯಲ್ಲಿ 'ಮೂರು ವರ್ಷದಲ್ಲಿ ಬಾಡಿಗೆ ಶೇ. 40 ಹೆಚ್ಚಳ' ಅಂತಿದ್ದರೆ, ಅದರರ್ಥ ನಮ್ಮಂಥವರು ಮನೆ ಬಿಡಬೇಕು ಅಂತ. ಆ ಸಾಲು ಓದಿದಾಗ ನಮಗೆ ಮೊದಲು ನೆನಪಾದವರು ಪಕ್ಕದ ಮನೆಯ ಅಜ್ಜಿ.

ಅಪ್ಪನಿಗೆ ಬೇಡ ಅಂತ ಹೇಳಲಿಲ್ಲ. "ಬಾಡಿಗೆ ಪಟ್ಟಿ, ಬಾಲ್ಕನಿ ತಪಾಸಣೆ ವರದಿ, ಹೊಸ ತೆರಿಗೆಯ ಲೆಕ್ಕ, ಸಾಲದ ಪತ್ರ, ಈ ನಾಲ್ಕು ಕಳಿಸೋಕೆ ಹೇಳಿ. ಅಲ್ಲೀವರೆಗೂ ಸೈಟ್ ಮಾರಬೇಡಿ" ಅಂದ್ವಿ. ಪತ್ರಗಳು ಇನ್ನೂ ಬಂದಿಲ್ಲ. ಸೈಟ್ ಅಲ್ಲೇ ಇದೆ.